ಕೆಟ್ಟ ಸುದ್ದಿಗೆ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು?

ಪ್ಲಗ್ ಗೇಜ್ ನೋಡದವರಿಗಾಗಿ ಮೊದಲು ಎರಡು ಮಾತು. ಅಂಗೈಯಲ್ಲಿ ಹಿಡಿಸುವಷ್ಟು ಉದ್ದದ ಉಕ್ಕಿನ ಹಿಡಿ, ಅದರ ಎರಡು ಕಡೆಗೂ ನುಣ್ಣಗೆ ಉಜ್ಜಿದ ದುಂಡನೆಯ ತುದಿ. ಒಂದು ತುದಿಯ ಹೆಸರು ‘ಗೋ’, ಇನ್ನೊಂದರದು ‘ನೋ-ಗೋ’. ಯಂತ್ರದಲ್ಲಿ ಕೊರೆದ ತೂತಿನೊಳಗೆ ಗೋ ತುದಿ ಸಲೀಸಾಗಿ ಇಳಿಯಬೇಕು, ನೋ-ಗೋ ತುದಿ ಇಳಿಯಲೇಬಾರದು. ಗೋ ಇಳಿಯದಿದ್ದರೆ ತೂತು ಚಿಕ್ಕದಾಗಿದೆ ಎಂದರ್ಥ, ಇನ್ನಷ್ಟು ಹೆರೆದು ಸರಿ ಮಾಡಬಹುದು. ನೋ-ಗೋ ಇಳಿದುಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು. ಹೆರೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ರಾತ್ರಿ ಪಾಳಿಯ ಸೂಪರ್‌ವೈಸರ್ ಆಗಿದ್ದ ಕಾಲ. ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಹೆರೆಯುವ ಯಂತ್ರ) ನಡೆಸುತ್ತಿದ್ದ ಹುಡುಗ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹನ್ನೊಂದರ ಸುಮಾರಿಗೆ ಲೋಹ ಹೆರೆಯುವ ಸವೆದ ಇನ್ಸರ್ಟ್ ಬದಲಿಸಿದ, ಅದರ ಅಳತೆಗೆ ತಕ್ಕ ತಿದ್ದುಪಡಿಯಾದ ಹೊಸ ಆಫ್‌ಸೆಟ್ ತುಂಬಿದ, ಯಂತ್ರ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಗೇಜು ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದು ನಿಂತ. ಬೆಳಿಗ್ಗೆ ಲಾರಿಗೆ ಏರಬೇಕಾದ ಸರಕಿನ ಪಟ್ಟಿ ಕಂಪ್ಯೂಟರಿನಲ್ಲಿ ನನ್ನ ಮುಂದಿತ್ತು.

“ಸರ್, ಗೇಜು ಸ್ವಲ್ಪ ಸಡಿಲ ಇದೆಯೇನೋ ಅನ್ನಿಸುತ್ತಿದೆ.”

“ಒರೆಸಿ ನೋಡು” ಎಂದೆ. ತಲೆ ಎತ್ತಿರಲಿಲ್ಲ.

ಅವನು ಒರೆಸಿದ. ಆಫ್‌ಸೆಟ್‌ನಲ್ಲಿ 0.05 ಮಿಲಿಮೀಟರ್ ತಪ್ಪಾಗಿತ್ತು. ಬೆಳಗಿನ ಪಾಳಿಯ ತಪಾಸಣೆಯವರು ಬಂದು ನೋಡುವ ಹೊತ್ತಿಗೆ 212 ಬಿಡಿಭಾಗಗಳು ಕೆಂಪು ತೊಟ್ಟಿಗೆ ಹೋಗಬೇಕಾಗಿ ಬಂತು. ಎಲ್ಲರ ಎದುರಿಗೇ ನಾನು ಅವನನ್ನು ಕೇಳಿದೆ: “ಯಾಕೆ ಹೇಳಲಿಲ್ಲ?”

“ಹೇಳಿದ್ದೆ ಸರ್.”

ಅವನು ಹೇಳಿದ್ದು ನಿಜ. ನನಗೆ ಗೊತ್ತಾಗಿರಲಿಲ್ಲ ಎಂಬುದೂ ನಿಜ. ಎರಡು ನಿಜಗಳ ನಡುವೆ 212 ತುಂಡು ಉಕ್ಕು ಹಾಳಾಯಿತು. ನಾಯಕತ್ವದ ತರಬೇತಿ ಕೊಡುವವರು ದೂರದೃಷ್ಟಿ, ಸ್ಫೂರ್ತಿ, ವ್ಯಕ್ತಿತ್ವ ಎಂದೆಲ್ಲ ದೊಡ್ಡ ಮಾತು ಆಡುತ್ತಾರೆ. ಅವು ಇರಲಿ, ಬೇಡವೆಂದವರಾರು? ಆದರೆ ಒಬ್ಬ ಮೇಲಧಿಕಾರಿಯನ್ನು ಅಳೆಯಲು ಆ ರಾತ್ರಿಯಿಂದ ನನ್ನ ಬಳಿ ಇರುವುದು ಒಂದೇ ಗೇಜು: ಕೆಳಗೆಲ್ಲೋ ಹುಟ್ಟಿದ ಕೆಟ್ಟ ಸುದ್ದಿ ಈ ಮನುಷ್ಯನ ಕಿವಿ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ? ಕೆಲವರ ಬಳಿಗೆ ಐದು ನಿಮಿಷದಲ್ಲಿ ಬರುತ್ತದೆ. ಕೆಲವರ ಬಳಿಗೆ ಗಿರಾಕಿಯ ದೂರಿನ ಮೂಲಕ, ಮೂರು ತಿಂಗಳ ನಂತರ ಬರುತ್ತದೆ. ಸ್ವಭಾವ, ಜನರೊಂದಿಗಿನ ಒಡನಾಟ ಎಂದು ನಾವು ಕರೆಯುವುದೆಲ್ಲ ಕೊನೆಗೆ ಈ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೈಕೆಳಗಿನವರು ಬಾಯಿ ಬಿಡದಿದ್ದರೆ ಅವರಿಗೆ ಧೈರ್ಯವಿಲ್ಲ, ಕಾಳಜಿಯಿಲ್ಲ ಎನ್ನುವುದು ವಾಡಿಕೆ. ಅವರ ಜಾಗದಲ್ಲಿ ಕೂತು ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಹೇಳಿದರೆ ಆಗುವ ನಷ್ಟ ಈಗಲೇ ಆಗುತ್ತದೆ, ಖಂಡಿತ ಆಗುತ್ತದೆ, ಹೇಳಿದವನೊಬ್ಬನಿಗೇ ಆಗುತ್ತದೆ: ಬೈಗುಳ, “ನಿನಗೇನು ಗೊತ್ತು” ಎಂಬ ನೋಟ, ರಾತ್ರಿಯೆಲ್ಲ ಕೂತು ಬರೆಯಬೇಕಾದ ವಿವರಣೆ. ಹೇಳಿದ್ದರಿಂದ ಆಗುವ ಲಾಭ ಮುಂದೆ ಎಂದೋ ಬರುತ್ತದೆ, ಬಂದರೂ ಬರಬಹುದು, ಬಂದಾಗ ಇಡೀ ಕಂಪನಿಗೆ ಹಂಚಿಹೋಗುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸುಮ್ಮನಿದ್ದ ಕಾರಣಕ್ಕೆ ಸಂಬಳ ಕಡಿತವಾದವನನ್ನು ನಾನಂತೂ ಕಂಡಿಲ್ಲ. ಹೀಗಿರುವಾಗ ಮೌನವೇ ಜಾಣತನದ ಆಯ್ಕೆ. ಆ ಲೆಕ್ಕವನ್ನು ತಿರುಗಿಸುವ ಶಕ್ತಿ ಕೆಳಗಿನವನ ಕೈಯಲ್ಲಿಲ್ಲ. ದೊಣ್ಣೆ ಇರುವುದು ಮೇಲಿನವನ ಕೈಯಲ್ಲಿ.

ಇದಕ್ಕೆ ಮೆಟ್ಟಿಲುಗಳ ಕಾಟವೂ ಸೇರುತ್ತದೆ. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿದವರು ಇದನ್ನು ಕಂಡಿರುತ್ತಾರೆ. ಕೋಡ್ ಬರೆಯುವವಳು ತನ್ನ ತಂಡದ ಮುಖ್ಯಸ್ಥನಿಗೆ “ಈ ವಿನ್ಯಾಸ ನಿಲ್ಲುವುದಿಲ್ಲ, ಹೊಸದಾಗಿ ಬರೆಯಬೇಕು” ಎನ್ನುತ್ತಾಳೆ. ಅವನು ಮ್ಯಾನೇಜರಿಗೆ “ಒಂದೆರಡು ಕಡೆ ತೊಡಕಿದೆ” ಎನ್ನುತ್ತಾನೆ. ಮ್ಯಾನೇಜರು ಅವರ ಮೇಲಿನವರಿಗೆ “ಸವಾಲುಗಳಿವೆ, ನಿಭಾಯಿಸುತ್ತಿದ್ದೇವೆ” ಎಂದು ಬರೆಯುತ್ತಾರೆ. ಗಿರಾಕಿಗೆ ಹೋಗುವ ಶುಕ್ರವಾರದ ವರದಿಯಲ್ಲಿ ಹಸಿರು ಚುಕ್ಕೆ ಇರುತ್ತದೆ. ಹೊರಗೆ ಹಸಿರು, ಒಳಗೆ ಕೆಂಪು ಇರುವ ಇಂಥ ಕೆಲಸಗಳಿಗೆ ಆ ಉದ್ಯಮದಲ್ಲಿ ಕಲ್ಲಂಗಡಿ ಎಂಬ ಅಡ್ಡಹೆಸರೇ ಇದೆ. ನಾಲ್ವರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಗಮನಿಸಿ. ಪ್ರತಿಯೊಬ್ಬರೂ ಒಂದೊಂದು ಚಮಚ ಸಕ್ಕರೆ ಬೆರೆಸಿದರು, ಅಷ್ಟೇ.

ಸಕ್ಕರೆ ಬೆರೆಸುವ ಈ ಕಲೆಯನ್ನು ಅತ್ಯಂತ ಗಂಭೀರವಾಗಿ ಅಧ್ಯಯನ ಮಾಡಿದವರು ವಿಮಾನಯಾನದವರು. ಅಲ್ಲಿ ಪೈಲಟ್‌ಗಳ ಮಾತು ಧ್ವನಿಮುದ್ರಣವಾಗುತ್ತದೆ, ವಿಮಾನ ಬಿದ್ದರೆ ತನಿಖೆಯವರು ಅದನ್ನು ಮಾತು ಮಾತಾಗಿ ಬರೆದಿಡುತ್ತಾರೆ. ನಮ್ಮ ಕಚೇರಿಗಳಲ್ಲಿ ಯಾರು ಯಾವಾಗ ಯಾವ ದನಿಯಲ್ಲಿ ಏನು ಹೇಳಿದರು ಎಂಬುದು ಗಾಳಿಗೆ ಹೋಗುತ್ತದೆ, ಅಲ್ಲಿ ಉಳಿಯುತ್ತದೆ.

1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ಹಿಮ ಬೀಳುತ್ತಿತ್ತು. ಏರ್ ಫ್ಲಾರಿಡಾ ಸಂಸ್ಥೆಯ ಬೋಯಿಂಗ್ 737 ವಿಮಾನ ರನ್‌ವೇ ಮೇಲೆ ಓಟ ಶುರು ಮಾಡಿತು. ಎಂಜಿನ್ನಿಗೆ ಮಂಜು ಕಟ್ಟದಂತೆ ಬಿಸಿ ಮಾಡುವ ವ್ಯವಸ್ಥೆಯನ್ನು ಚಾಲೂ ಮಾಡಿರಲಿಲ್ಲ. ಎಂಜಿನ್ನಿನ ಶಕ್ತಿ ಅಳೆಯುವ ನಳಿಕೆಯ ಬಾಯಿಗೆ ಮಂಜುಗಡ್ಡೆ ಕಟ್ಟಿ, ಮಾಪಕ ಇಲ್ಲದ ಶಕ್ತಿಯನ್ನು ಇದೆ ಎಂದು ತೋರಿಸುತ್ತಿತ್ತು. ವಿಮಾನ ಓಡಿಸುತ್ತಿದ್ದವರು ಸಹ ಪೈಲಟ್. ಏನೋ ಹೊಂದುತ್ತಿಲ್ಲ ಎಂದು ಅವರಿಗೆ ಅನ್ನಿಸಿತು. ಮುದ್ರಿತವಾದ ಮಾತಿನ ತಾತ್ಪರ್ಯ ಇದು. ಸಹ ಪೈಲಟ್: ಇದು ಸರಿ ಕಾಣುತ್ತಿಲ್ಲ, ಅಲ್ಲವೇ? ಕ್ಯಾಪ್ಟನ್: ಸರಿಯಾಗಿಯೇ ಇದೆ, ವೇಗ ಎಂಬತ್ತಾಯಿತು. ಸಹ ಪೈಲಟ್: ಇಲ್ಲ, ಸರಿ ಇದೆ ಅನ್ನಿಸುತ್ತಿಲ್ಲ. ಕೆಲವು ಕ್ಷಣ ಮೌನ. ಮತ್ತೆ ಅವರೇ: ಇರಬಹುದೇನೋ.

ವಿಮಾನ ಮೇಲೆದ್ದು ಸುಮಾರು ಅರ್ಧ ನಿಮಿಷದಲ್ಲಿ ಸೇತುವೆಯೊಂದಕ್ಕೆ ಬಡಿದು ಹೆಪ್ಪುಗಟ್ಟಿದ ಪೊಟೊಮ್ಯಾಕ್ ನದಿಗೆ ಬಿತ್ತು. ಒಳಗಿದ್ದ 79 ಮಂದಿಯಲ್ಲಿ 74 ಮಂದಿ, ಸೇತುವೆಯ ಮೇಲೆ ವಾಹನಗಳಲ್ಲಿದ್ದ 4 ಮಂದಿ ಸತ್ತರು. ಮಾಪಕದ ವಿಚಿತ್ರವನ್ನು ಗಮನಕ್ಕೆ ತಂದಾಗಲೂ ಕ್ಯಾಪ್ಟನ್ ಓಟವನ್ನು ನಿಲ್ಲಿಸಲಿಲ್ಲ ಎಂಬುದು ತನಿಖೆ ಗುರುತಿಸಿದ ಕಾರಣಗಳಲ್ಲಿ ಒಂದು.

ಆ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿ. ಸಹ ಪೈಲಟ್ ಸುಮ್ಮನಿರಲಿಲ್ಲ. ಎರಡು ಸಲ ಹೇಳಿದರು. ಆದರೆ ಹೇಳಿದ್ದೆಲ್ಲ ಅಡ್ಡಗೋಡೆಯ ಮೇಲೆ ಇಟ್ಟ ದೀಪ. ‘ಅಲ್ಲವೇ’, ‘ಅನ್ನಿಸುತ್ತಿಲ್ಲ’, ‘ಇರಬಹುದೇನೋ’. ನಿಲ್ಲಿಸಿ ಎಂಬ ಕ್ರಿಯಾಪದ ಎಲ್ಲೂ ಇಲ್ಲ. ಪೈಲಟ್‌ಗಳ ಮಾತನ್ನು ಅಧ್ಯಯನ ಮಾಡಿದ ಊಟೆ ಫಿಷರ್ ಮತ್ತು ಜುಡಿತ್ ಒರಸಾನು ಕಂಡದ್ದೂ ಇದನ್ನೇ: ಒಂದೇ ಅಪಾಯವನ್ನು ಕಂಡಾಗ ಕ್ಯಾಪ್ಟನ್‌ಗಳು ಆಜ್ಞೆ ಮಾಡುತ್ತಾರೆ, ಸಹ ಪೈಲಟ್‌ಗಳು ಸುಳಿವು ಕೊಡುತ್ತಾರೆ. ಸುಳಿವಿನ ಒಂದು ಅನುಕೂಲವೆಂದರೆ, ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೇಳುವವನು ತಲೆ ಎತ್ತದಿದ್ದರೆ ಅದು ಕೇಳಿಸುವುದೇ ಇಲ್ಲ ಎಂಬುದು ಅದರ ಅನನುಕೂಲ.

ನನ್ನ ಲೇತಿನ ಹುಡುಗನ ವಾಕ್ಯವನ್ನು ಈಗ ಪಕ್ಕಕ್ಕೆ ಇಟ್ಟು ನೋಡಿ. ‘ಸ್ವಲ್ಪ’, ‘ಇದೆಯೇನೋ’, ‘ಅನ್ನಿಸುತ್ತಿದೆ’. ಆರು ಪದಗಳಲ್ಲಿ ಮೂರು ಹಿಂದೆ ಸರಿಯಲು ಇಟ್ಟುಕೊಂಡ ಬಾಗಿಲುಗಳು. ನೋ-ಗೋ ತುದಿ ಒಳಗೆ ಹೋಗುತ್ತಿದೆ ಎಂಬ ವಿಷಯವನ್ನು ಅವನು ‘ಸಡಿಲ’ ಎಂಬ ಮೆತ್ತನೆಯ ಪದದಲ್ಲಿ ಸುತ್ತಿ ತಂದಿದ್ದ. ನಾನು ಕೇಳಬೇಕಾಗಿದ್ದುದು ಒಂದೇ ಪ್ರಶ್ನೆ: “ಯಾವ ತುದಿ?” ಅದಕ್ಕೆ ಎರಡು ಸೆಕೆಂಡು ಸಾಕಿತ್ತು. ತಲೆ ಎತ್ತಬೇಕಾಗಿತ್ತು, ಅಷ್ಟೇ.

ವಿಮಾನಯಾನದವರು ಈ ರೋಗಕ್ಕೆ ಮದ್ದು ಹುಡುಕಲು ಹೊರಟದ್ದು ವಾಷಿಂಗ್ಟನ್ನಿನ ಆ ಅಪಘಾತಕ್ಕೂ ಮುಂಚೆಯೇ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತಿದ್ದರು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಕೆಎಲ್‌ಎಂ ಸಂಸ್ಥೆಯ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಆ ಕ್ಯಾಪ್ಟನ್ ಸಂಸ್ಥೆಯ ಜಂಬೊ ತರಬೇತಿಯ ಮುಖ್ಯಸ್ಥರು, ಜಾಹೀರಾತಿನಲ್ಲಿ ಮುಖ ಕಾಣಿಸಿಕೊಂಡವರು. ಮರುಪ್ರಶ್ನೆ ಬರಲಿಲ್ಲ. ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನದ ಕ್ಯಾಪ್ಟನ್ ಚಕ್ರದ ತೊಂದರೆಯಲ್ಲೇ ಮುಳುಗಿ ಸುತ್ತು ಹಾಕುತ್ತ ಹಾಕುತ್ತ ಇಂಧನ ಮುಗಿಯಿತು. 10 ಮಂದಿ ಸತ್ತರು. ಇಂಧನ ಇಳಿಯುತ್ತಿರುವುದನ್ನು ಸಿಬ್ಬಂದಿ ಹೇಳಿದ್ದರು, ಒತ್ತಿ ಹೇಳಿರಲಿಲ್ಲ.

1979ರಲ್ಲಿ ನಾಸಾ ಈ ಬಗ್ಗೆ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ ಒಟ್ಟಾಗಿ ಕೆಲಸ ಮಾಡುವ ತರಬೇತಿ ಶುರು ಮಾಡಿತು. ಇಂದು ಅದನ್ನು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಮೊದಮೊದಲು ಹಳೆಯ ಕ್ಯಾಪ್ಟನ್‌ಗಳು ಇದನ್ನು ನಯವಿನಯ ಕಲಿಸುವ ಶಾಲೆ ಎಂದು ಗೇಲಿ ಮಾಡಿದರು. ಕಲಿಸಿದ್ದು ಎರಡು ಕಡೆಗೂ. ಕೆಳಗಿನವರಿಗೆ ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿ ಮಾಡುವುದು: ಮೊದಲು ಕೇಳು, ಆಮೇಲೆ ಎಚ್ಚರಿಸು, ಆಮೇಲೆ ಪ್ರಶ್ನಿಸು, ಕೊನೆಗೆ ತಡೆ. ಮೇಲಿನವರಿಗೆ ಮೊದಲ ಮೆಟ್ಟಿಲಿನಲ್ಲೇ ಕಿವಿಗೊಡುವುದು.

ಇದು ಕೆಲಸ ಮಾಡಿತೇ? 1989ರ ಜುಲೈ 19ರಂದು ಅದೇ ಯುನೈಟೆಡ್ ಸಂಸ್ಥೆಯ ಡಿಸಿ-10 ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದವು. ಅಂದರೆ ಚುಕ್ಕಾಣಿ ಇಲ್ಲ, ರೆಕ್ಕೆಯ ಹಲಗೆಗಳು ಅಲುಗುವುದಿಲ್ಲ, ಬ್ರೇಕೂ ಇಲ್ಲ. ಇಂಥದಕ್ಕೆ ಕೈಪಿಡಿಯಲ್ಲಿ ಪುಟವೇ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಹಿಂದೆ ಪ್ರಯಾಣಿಕನಾಗಿ ಕುಳಿತಿದ್ದ ತರಬೇತುದಾರ ಪೈಲಟ್ ಡೆನ್ನಿ ಫಿಚ್ ಅವರನ್ನು ಪೈಲಟ್ ಕೋಣೆಯೊಳಗೆ ಕರೆಸಿಕೊಂಡರು. ಫಿಚ್ ಎರಡು ಎಂಜಿನ್‌ಗಳ ಶಕ್ತಿಯನ್ನು ಏರಿಸುತ್ತ ಇಳಿಸುತ್ತ ವಿಮಾನವನ್ನು ತಿರುಗಿಸಿದರು. ಸೂ ಸಿಟಿಯಲ್ಲಿ ವಿಮಾನ ನೆಲಕ್ಕೆ ಬಡಿದು ಒಡೆಯಿತು, ಆದರೂ 296 ಮಂದಿಯಲ್ಲಿ 184 ಮಂದಿ ಬದುಕಿದರು. ಹೇನ್ಸ್ ಮುಂದೆ ಊರೂರಿನಲ್ಲಿ ಉಪನ್ಯಾಸ ಮಾಡುವಾಗ ಹೇಳುತ್ತಿದ್ದುದು: ಆ ಕೋಣೆಯಲ್ಲಿ ಒಟ್ಟು 103 ವರ್ಷಗಳ ಹಾರಾಟದ ಅನುಭವವಿತ್ತು, ಅದರಲ್ಲಿ ಒಂದು ನಿಮಿಷವನ್ನೂ ಇಂಥ ಸ್ಥಿತಿಯಲ್ಲಿ ಯಾರೂ ಹಾರಿಸಿರಲಿಲ್ಲ, ಹಾಗಿರುವಾಗ ಉಳಿದ ಮೂವರಿಗಿಂತ ನನಗೆ ಹೆಚ್ಚು ಗೊತ್ತಿರಲು ಹೇಗೆ ಸಾಧ್ಯ? ಆ ಮನುಷ್ಯನಿಗೆ ತನ್ನ ಭುಜದ ಪಟ್ಟಿಗಳ ಬೆಲೆ ಎಷ್ಟು, ಎಷ್ಟಲ್ಲ ಎಂಬುದು ಸರಿಯಾಗಿ ಗೊತ್ತಿತ್ತು. ನಾನು ಇದನ್ನೇ ಸ್ವಭಾವ ಎನ್ನುವುದು.

ನಾವೇನು ವಿಮಾನ ಓಡಿಸುತ್ತೇವೆಯೇ ಎಂದು ನೀವು ಕೇಳಬಹುದು. ಆಸ್ಪತ್ರೆಗೆ ಬನ್ನಿ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೊರಟರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಊಹೆ. ಅಂಕಿ ಅಂಶ ತಲೆಕೆಳಗಾಗಿ ಬಂತು. ಒಗ್ಗಟ್ಟು ಚೆನ್ನಾಗಿದ್ದ, ಮುಖ್ಯಸ್ಥೆಯ ಮೇಲೆ ವಿಶ್ವಾಸವಿದ್ದ ವಾರ್ಡ್‌ಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಒಳ್ಳೆಯ ನರ್ಸ್‌ಗಳು ಹೆಚ್ಚು ತಪ್ಪು ಮಾಡುತ್ತಾರೆಯೇ? ಊಹೆಯ ಸುಳಿವೇ ಇಲ್ಲದ ಸಹಾಯಕನೊಬ್ಬನನ್ನು ವಾರ್ಡ್‌ಗಳಿಗೆ ಕಳಿಸಿ ನೋಡಿದಾಗ ವಿಷಯ ಹೊರಬಿತ್ತು. ಆ ವಾರ್ಡ್‌ಗಳಲ್ಲಿ ತಪ್ಪಿನ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ಮುಂದೆ 1999ರಲ್ಲಿ ಎಡ್ಮಂಡ್ಸನ್ ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ಅಧ್ಯಯನ ಮಾಡಿ ಬರೆದ ಪ್ರಬಂಧದಿಂದಾಗಿ ‘ಮಾನಸಿಕ ಸುರಕ್ಷತೆ’ ಎಂಬ ಪದ ಮ್ಯಾನೇಜ್‌ಮೆಂಟ್ ಲೋಕದಲ್ಲೆಲ್ಲ ಹರಡಿತು. ಪದ ಈಗ ಸವೆದುಹೋಗಿದೆ, ಪೋಸ್ಟರ್‌ಗಳ ಮೇಲೆ ಹತ್ತಿದೆ. ಅದರ ಹಿಂದಿನ ಸಂಗತಿ ಮಾತ್ರ ಇನ್ನೂ ಹರಿತವಾಗಿದೆ. ವರ್ಷದ ಕೊನೆಗೆ “ನಮ್ಮ ವಿಭಾಗದಲ್ಲಿ ಈ ಸಲ ಒಂದೂ ದೂರಿಲ್ಲ ಸರ್” ಎಂದು ಬೀಗುವ ಮುಖ್ಯಸ್ಥರನ್ನು ಕಂಡಾಗ ನನಗೆ ಈಗ ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲಾಗುತ್ತದೆ.

ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಓದಬೇಕಾದ ತಪಾಸಣಾ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿ ನೋಡಿತು, ಅವುಗಳಲ್ಲಿ ದೆಹಲಿಯೂ ಒಂದು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಪಟ್ಟಿಯಲ್ಲಿರುವ ಒಂದು ಅಂಶ ಔಷಧಕ್ಕೂ ಕತ್ತರಿಗೂ ಸಂಬಂಧಿಸಿದ್ದಲ್ಲ: ಚರ್ಮ ಕೊಯ್ಯುವ ಮುಂಚೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಏನೆಂದು ಬಾಯಿಬಿಟ್ಟು ಹೇಳಬೇಕು. ಒಮ್ಮೆ ಬಾಯಿ ತೆರೆದವನಿಗೆ ಎರಡನೆಯ ಸಲ ತೆರೆಯುವುದು ಸುಲಭ. ನಮ್ಮ ಮೀಟಿಂಗುಗಳಲ್ಲಿ ಕೊನೆಯ ಸಾಲಿನವರು ಒಂದು ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರಲ್ಲ, ಕೊನೆಗೆ “ಏನಾದರೂ ಹೇಳುವುದಿದೆಯೇ?” ಎಂದು ಕೇಳಿದರೆ ಏನು ಬಂದೀತು!

ಈಗ ನಮ್ಮೂರಿನ ಕಥೆಗೆ ಬರೋಣ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೊ ಅಧ್ಯಕ್ಷರು ಸತೀಶ್ ಧವನ್. ಅದೇ ಸಮಯದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆಯಾಗಿತ್ತು. ಹಾರಿಸುವ ಮುಂಚೆ ಕಂಪ್ಯೂಟರ್ ತಡೆ ಹಾಕಿತ್ತು, ತಜ್ಞರ ಸಲಹೆಯಂತೆ ಕಲಾಂ ಅದನ್ನು ದಾಟಿ ಮುಂದುವರಿದಿದ್ದರು. ಪತ್ರಕರ್ತರ ಎದುರು ಹೋಗಿ ಕೂತವರು ಧವನ್. ಸೋತಿದ್ದೇವೆ, ನನ್ನ ತಂಡದ ಮೇಲೆ ನನಗೆ ನಂಬಿಕೆಯಿದೆ, ಮುಂದಿನ ಸಲ ಗೆಲ್ಲುತ್ತಾರೆ ಎಂಬ ಅರ್ಥದ ಮಾತು ಹೇಳಿ ಬೈಗುಳವನ್ನೆಲ್ಲ ತಾವು ತಿಂದರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಹಿಂದೆ ಸರಿದು, ಈ ಸಲ ಪತ್ರಿಕಾಗೋಷ್ಠಿಯನ್ನು ನೀವೇ ನಡೆಸಿ ಎಂದು ಕಲಾಂ ಅವರಿಗೆ ಹೇಳಿದರು. ಕಲಾಂ ಇದನ್ನು ನೂರಾರು ವೇದಿಕೆಗಳಲ್ಲಿ ಹೇಳಿದ್ದಾರೆ.

ಈ ಕಥೆಯನ್ನು ಧವನ್ ಅವರ ದೊಡ್ಡತನದ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ನಡುವಿನ ಹನ್ನೊಂದು ತಿಂಗಳು. ಸೋಲಿನ ಪರಿಶೀಲನಾ ಸಭೆಯಲ್ಲಿ ಕಲಾಂ ಎದ್ದು ನಿಂತು, ಹಾರಿಸುವ ಮುಂಚಿನ ಕೊನೆಯ ಗಳಿಗೆಯಲ್ಲಿ ಕಂಡ ಸೋರಿಕೆಯನ್ನು ಅಲಕ್ಷಿಸಿದ್ದು ತನ್ನ ತೀರ್ಮಾನ, ಅದರ ಹೊಣೆ ತನ್ನದು ಎಂದು ಒಪ್ಪಿಕೊಂಡರು. ಮೇಲಿನವರು ಆಗಲೇ ದೊಣ್ಣೆ ಎತ್ತಿದ್ದರೆ ಆ ಸಭೆಯಲ್ಲಿ ಇಂಥ ಮಾತು ಬರುತ್ತಿತ್ತೇ? ಸೋರಿಕೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಕವಾಟ ತಯಾರಿಸಿದವರದೇ ತಪ್ಪು, ಹವಾಮಾನ ಸರಿಯಿರಲಿಲ್ಲ ಎಂಬಂಥ ಕಾರಣಗಳ ಮೂಟೆ ಬರುತ್ತಿತ್ತು. ಧವನ್ ಪತ್ರಕರ್ತರ ಎದುರು ಕೂತದ್ದು ಔದಾರ್ಯ ಹೌದು. ರಾಕೆಟ್ಟಿನ ದೋಷ ಬೇಗ ಪತ್ತೆಯಾಗಲು ಅದಕ್ಕಿಂತ ಒಳ್ಳೆಯ ಎಂಜಿನಿಯರಿಂಗ್ ಉಪಾಯವೂ ಇರಲಿಲ್ಲ. ಗೆದ್ದರೆ ನನ್ನಿಂದ, ಸೋತರೆ ನಿನ್ನಿಂದ ಎನ್ನುವವರ ಕೈಕೆಳಗೆ ಸೋಲಿನ ಕಾರಣ ಯಾವತ್ತೂ ಸಿಗುವುದಿಲ್ಲ, ಸೋಲು ಮಾತ್ರ ಮತ್ತೆ ಮತ್ತೆ ಸಿಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದಾಟಬೇಕು. ಒಳ್ಳೆಯ ಮನುಷ್ಯರಾದರೆ ಸಾಕು, ಎಲ್ಲರೂ ಬಂದು ಹೇಳುತ್ತಾರೆ ಎಂದುಕೊಳ್ಳಬೇಡಿ. ನಾನು ಕಂಡ ಅತ್ಯಂತ ಮೃದು ಸ್ವಭಾವದ ಮ್ಯಾನೇಜರೊಬ್ಬರಿಗೆ ಏನೂ ಗೊತ್ತಾಗುತ್ತಿರಲಿಲ್ಲ. “ಪಾಪ, ಅವರಿಗೆ ಯಾಕೆ ಬೇಸರ ಮಾಡುವುದು” ಎಂದು ಇಡೀ ವಿಭಾಗ ಅವರನ್ನು ಕಾಪಾಡುತ್ತಿತ್ತು. ಕೆಟ್ಟ ಸುದ್ದಿ ಕೇಳಿದರೆ ಅವರ ಮುಖ ಬಾಡುತ್ತಿತ್ತು, ಮಧ್ಯಾಹ್ನ ಊಟ ಬಿಡುತ್ತಿದ್ದರು. ಕೂಗಾಡುವವನ ಎದುರು ಭಯದಿಂದ ಬಾಯಿ ಮುಚ್ಚಿದರೆ ಇವರ ಎದುರು ಕರುಣೆಯಿಂದ ಮುಚ್ಚುತ್ತಿದ್ದರು. ಫಲ ಒಂದೇ. ಇನ್ನೊಂದು ಜಾತಿ ‘ನನ್ನ ಬಾಗಿಲು ಸದಾ ತೆರೆದಿರುತ್ತದೆ’ ಎನ್ನುವವರದು. ಬಾಗಿಲು ತೆರೆದಿರುತ್ತದೆ, ನಿಜ. ಆ ಬಾಗಿಲಿನವರೆಗೆ ನಡೆದುಬರಬೇಕಾದ ಮೂವತ್ತು ಹೆಜ್ಜೆಗಳನ್ನು ಇಡೀ ಕಚೇರಿ ನೋಡುತ್ತಿರುತ್ತದೆ. ಬರುವ ಕಷ್ಟವನ್ನು ಕೆಳಗಿನವನಿಗೆ ಬಿಟ್ಟು ತಾನು ಕೂತಲ್ಲೇ ಉದಾರಿಯಾಗುವುದು ಸುಲಭ. ಎದ್ದು ಹೋಗಿ ಯಂತ್ರದ ಪಕ್ಕ ನಿಲ್ಲುವವನಿಗೆ ಬಾಗಿಲಿನ ಭಾಷಣ ಬೇಕಾಗುವುದಿಲ್ಲ.

ಇನ್ನು ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವ ಪರಿವಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವರನ್ನು ಸಾಕುವವರಿಗೆ ಅವರೇ ಶಿಕ್ಷೆ.

ಕನ್ನಡದ್ದೇ ಆದ ಒಂದು ಸೂಕ್ಷ್ಮವೂ ಇದೆ. ನಮ್ಮ ಕಾರ್ಖಾನೆ, ಕಚೇರಿಗಳಲ್ಲಿ ಮೇಲಿನವನು ‘ನೀನು’ ಎನ್ನುತ್ತಾನೆ, ಕೆಳಗಿನವನು ‘ನೀವು, ಸರ್’ ಎನ್ನುತ್ತಾನೆ. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಸಲ ಆ ‘ನೀನು’ ಅಕ್ಕರೆಯದೇ. ಆದರೆ ‘ನೀವು ತಪ್ಪು ಮಾಡುತ್ತಿದ್ದೀರಿ ಸರ್’ ಎಂದು ಬಹುವಚನದಲ್ಲಿ, ಸರ್ ಸೇರಿಸಿ ಹೇಳಿ ನೋಡಿ. ವಾಕ್ಯ ನಾಲಿಗೆಯ ಮೇಲೇ ಮಿದುವಾಗಿ ‘ಇದನ್ನೊಮ್ಮೆ ನೋಡುತ್ತೀರಾ ಸರ್’ ಆಗಿಬಿಡುತ್ತದೆ. ಆದ್ದರಿಂದ ಕನ್ನಡದಲ್ಲಿ ಕೆಲಸ ಮಾಡಿಸುವವನು ಒಂದು ಅನುವಾದವನ್ನು ಕಲಿತುಕೊಳ್ಳಬೇಕಾಗುತ್ತದೆ. ‘ಒಮ್ಮೆ ನೋಡುತ್ತೀರಾ’ ಎಂದರೆ ಏನೋ ಕೆಟ್ಟಿದೆ. ‘ಪರವಾಗಿಲ್ಲ ಸರ್’ ಎಂದರೆ ಪರವಾಗಿದೆ. ‘ಮಾಡೋಣ ಸರ್’ ಎಂದು ದನಿ ಇಳಿಸಿ ಹೇಳಿದರೆ ಆಗುವುದಿಲ್ಲ ಎಂದರ್ಥ. ಆಸ್ಪತ್ರೆಗಳ ತರಬೇತಿಯಲ್ಲಿ ಇದಕ್ಕೆ ಮೂರು ಸಿದ್ಧ ವಾಕ್ಯಗಳನ್ನು ಕಲಿಸುತ್ತಾರೆ: ನನಗೆ ಕಳವಳವಾಗುತ್ತಿದೆ, ಇದು ನನಗೆ ಒಪ್ಪಿಗೆಯಾಗುತ್ತಿಲ್ಲ, ಇದು ಅಪಾಯ. ಯಾವ ನರ್ಸ್ ಹೇಳಿದರೂ, ಯಾವ ಹಿರಿಯ ವೈದ್ಯರಿಗೆ ಹೇಳಿದರೂ ಮೂರನೆಯ ವಾಕ್ಯಕ್ಕೆ ಕೈ ನಿಲ್ಲಬೇಕು. ವಾಕ್ಯವನ್ನು ಮೊದಲೇ ಗೊತ್ತುಮಾಡಿಟ್ಟರೆ ಅದನ್ನು ಹೇಳಿದವನು ಉದ್ಧಟನಾಗುವುದಿಲ್ಲ. ಅವನು ನಿಯಮ ಪಾಲಿಸಿದ, ಅಷ್ಟೇ.

ಟೊಯೊಟಾ ಕಾರ್ಖಾನೆಗಳ ‘ಆಂಡಾನ್’ ಪದ್ಧತಿ ಇದೇ ಉಪಾಯ, ಮಾತಿನ ಬದಲು ಹಗ್ಗದಲ್ಲಿ. ನಮ್ಮ ಬಿಡದಿಯಲ್ಲೂ ಆ ಕಂಪನಿಯ ಘಟಕ ಇರುವುದರಿಂದ ಇಲ್ಲಿನ ಬಹಳ ಜನ ಈ ಪದ ಕೇಳಿದ್ದಾರೆ. ತೊಂದರೆ ಕಂಡ ಕೆಲಸಗಾರ ತಲೆಯ ಮೇಲಿನ ಹಗ್ಗ ಎಳೆಯುತ್ತಾನೆ, ಈಗ ಎಷ್ಟೋ ಕಡೆ ಗುಂಡಿ ಒತ್ತುತ್ತಾನೆ. ಹಗ್ಗ ಎಳೆದ ಕೂಡಲೇ ಇಡೀ ಸಾಲು ನಿಂತುಬಿಡುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಲ್ಲ. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಕಾರು ಗೊತ್ತಾದ ಒಂದು ಗೆರೆ ದಾಟುವುದರೊಳಗೆ ಇಬ್ಬರೂ ಸೇರಿ ಸರಿಪಡಿಸಿದರೆ ಸಾಲು ನಿಲ್ಲುವುದೇ ಇಲ್ಲ. ಆಗದಿದ್ದರೆ ಮಾತ್ರ ನಿಲ್ಲುತ್ತದೆ. ಹಗ್ಗವನ್ನು ಯಾವ ಕಂಪನಿಯೂ ಕೊಂಡು ತಂದು ಕಟ್ಟಬಹುದು. ಕಷ್ಟವಿರುವುದು ಓಡಿ ಬರುವವನ ಮುಖದಲ್ಲಿ. “ಏನಯ್ಯಾ ನಿನ್ನ ಗೋಳು” ಎಂಬ ಮುಖ ಒಮ್ಮೆ ಬಂದರೆ ಸಾಕು, ಆ ಹಗ್ಗ ಮುಂದೆ ಬಟ್ಟೆ ಒಣಹಾಕಲು ಮಾತ್ರ ಬಳಕೆಯಾಗುತ್ತದೆ.

212 ತುಂಡುಗಳ ಆ ಬೆಳಿಗ್ಗೆಯ ನಂತರ ನಾನು ಮಾಡಿದ್ದು ಸಣ್ಣ ಕೆಲಸ. ಮೊದಲು ಅದೇ ಜನರ ಎದುರು ಆ ಹುಡುಗನಿಗೆ “ನೀನು ಹೇಳಿದ್ದೆ, ನಾನು ಕೇಳಿಸಿಕೊಳ್ಳಲಿಲ್ಲ” ಎಂದೆ. ಇಷ್ಟು ಹೇಳಲು ನನಗೆ ಮೂರು ದಿನ ಹಿಡಿಯಿತು ಎಂಬುದನ್ನೂ ಬರೆದುಬಿಡುತ್ತೇನೆ. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಪಾಳಿಯಲ್ಲಿ ಯಾರು ಬೇಕಾದರೂ “ನೋ-ಗೋ” ಎಂದು ಕೂಗಬಹುದು. ಕೂಗಿದರೆ ಆ ಯಂತ್ರ ನಿಲ್ಲುತ್ತದೆ, ನಾನು ಅಲ್ಲಿಗೆ ಹೋಗುತ್ತೇನೆ, ಮೊದಲ ಮಾತಾಗಿ ‘ಯಾಕೆ’ ಎಂದು ಕೇಳುವುದಿಲ್ಲ, ‘ತೋರಿಸು’ ಎನ್ನುತ್ತೇನೆ. ಯಾಕೆ ಎಂದರೆ ವಿಚಾರಣೆಯಂತೆ ಕೇಳಿಸುತ್ತದೆ. ತೋರಿಸು ಎಂದರೆ ಇಬ್ಬರ ಕಣ್ಣೂ ಯಂತ್ರದ ಕಡೆ ತಿರುಗುತ್ತದೆ.

ಮೂರು ವಾರ ಯಾರೂ ಕೂಗಲಿಲ್ಲ. ನಾಲ್ಕನೆಯ ವಾರ, ರಾತ್ರಿ ಎರಡರ ಹೊತ್ತಿಗೆ, ತೂತು ಕೊರೆಯುವ ಯಂತ್ರದ ಬಳಿ ಲೋಹದ ಚೂರು ಗುಡಿಸುತ್ತಿದ್ದ ಹೆಲ್ಪರ್ ಕೂಗಿದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದವರು. ಯಂತ್ರದ ಶಬ್ದ ಬದಲಾಗಿದೆ, ಏನೋ ತಿರುಚಿಕೊಂಡಿದೆ ಎಂದರು. ನಿಲ್ಲಿಸಿದೆವು. ಬಿಚ್ಚಿದೆವು. ಟಾರ್ಚ್ ಹಿಡಿದು ಇಪ್ಪತ್ತು ನಿಮಿಷ ಹುಡುಕಿದೆವು. ಏನೂ ಇರಲಿಲ್ಲ, ಕೂಲಂಟ್ ಪೈಪು ಕವಚಕ್ಕೆ ತಾಗಿ ಅದುರುತ್ತಿತ್ತು. ಆ ರಾತ್ರಿಯ ಗುರಿ ತಪ್ಪುವುದು ಖಚಿತವಾಯಿತು. ಅವರು ಪೊರಕೆ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಉಳಿದ ಒಂಬತ್ತು ಮಂದಿ ನನ್ನ ಮುಖ ನೋಡುತ್ತಿದ್ದರು.

“ಅಣ್ಣ, ಆ ಶಬ್ದ ನನಗೆ ಕೇಳಿಸಿರಲಿಲ್ಲ” ಎಂದೆ. “ಬನ್ನಿ, ಪೈಪಿಗೆ ಒಂದು ಕ್ಲಿಪ್ ಹಾಕಿ ಚಹಾ ಕುಡಿಯೋಣ.”

ಲೇತಿನ ಹುಡುಗ ಕ್ಲಿಪ್ ತರಲು ಹೋದ. ಆ ವಾರ ಇನ್ನೂ ನಾಲ್ಕು ಸಲ ಕೂಗು ಬಂತು.